ತಲೆ ಬೇಸಿಗೆಯಲ್ಲಿ, ಕಾಲು ಶ್ರಾವಣದಲ್ಲಿ

ಅವರು ಎಲ್ಲಿ ಕೂತರೂ ಕಾಲಿಗೆ ಒಂದು ತಗ್ಗು ಹುಡುಕುತ್ತಿದ್ದರು. ಮದುವೆಯ ಊಟದಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕೂತರೆ ಅವರು ಮಾತ್ರ ಕಟ್ಟೆಯ ಅಂಚಿಗೆ ಹೋಗಿ, ಕಾಲು ಇಳಿಬಿಟ್ಟು, ತಾಟನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ನಮ್ಮ ಮನೆಗೆ ಬಂದಾಗ ಕುರ್ಚಿ ಕೊಟ್ಟರೆ ಅದರ ಮುಂದೆ ನಿಂತು ನೆಲ ನೋಡುವರು. “ಇದರಾಗ ಕಾಲಿಗೆ ಜಾಗಾ ಎಲ್ಲೈತಿ?” ಎಂದು ಹೊರಗಿನ ಕಟ್ಟೆಗೇ ಹೋಗುವರು. ಕೂತ ಮೇಲೆ ಎರಡೂ ಪಾದಗಳು ಗಾಳಿಯಲ್ಲಿ ಒಂದಾದ ಮೇಲೊಂದು ಮೆಲ್ಲಗೆ ಇಳಿದು ಏರುತ್ತಿದ್ದವು. ಬಾಯಿ ನಮ್ಮೊಡನೆ ಮಾತಾಡುತ್ತಿದ್ದರೆ ಪಾದಗಳು ಬೇರೆ ಯಾರೊಡನೆಯೋ ಮಾತಾಡುತ್ತಿದ್ದವು.

ಇಳಕಲ್ಲಿನ ನಮ್ಮ ಓಣಿಯಲ್ಲಿ ಕುಣಿಮಗ್ಗದಲ್ಲಿ ನೇಯುತ್ತಿದ್ದ ಕೊನೆಯವರು ಅವರು. ನೆಲದಲ್ಲಿ ಸೊಂಟದಾಳದ ತಗ್ಗು ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯುವ ಮಗ್ಗ ಅದು. ಓಣಿಯ ಉಳಿದ ಮನೆಗಳಿಗೆ ವಿದ್ಯುತ್ ಮಗ್ಗ ಬಂದು ಬಹಳ ಕಾಲವಾಗಿತ್ತು.

“ವಯಸ್ಸಾದವ್ರಿಗೆ ಕುಣ್ಯಾಗ ಕಾಲ್ ಬಿಟ್ಕೊಂಡು ಕುಂತಾನ ಅಂತಾರ ನೋಡು ತಂಗಿ,” ಎಂದು ಅವರು ನನಗೆ ಹೇಳುತ್ತಿದ್ದರು, “ನಾ ಸಾಲಿ ಬಿಟ್ಟ ದಿವಸಾನಽ ಬಿಟ್ಕೊಂಡು ಕುಂತಾಂವ. ಯಮ ಬಂದ್ರ ಅಂವಗೂ ತಿಳಿಯೂದಿಲ್ಲ, ಇಂವ ಹೊಂಟಾಂವೋ, ಆಗಳೇ ಬಂದು ಕುಂತಾಂವೋ ಅಂತ.”

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರ ಹೆಂಡತಿಯನ್ನು ಕಾಕು. ನೆಂಟಸ್ತಿಕೆ ಏನೂ ಇಲ್ಲ, ನಮ್ಮ ಎರಡೂ ಮನೆಗಳ ನಡುವಿನ ಗೋಡೆ ಒಂದೇ, ಅಷ್ಟೇ. ಹೋದ ತಿಂಗಳು ಹುಣ್ಣಿಮೆಯ ಮಾರನೇ ದಿನ, ಬೆಳಗಿನ ಚಹಾ ಕುಡಿದು ಬಟ್ಟಲು ಕೆಳಗಿಡುವಷ್ಟರಲ್ಲಿ ಕಾಕಾ ತೀರಿಕೊಂಡರು. ಅಂದಿನ ದಿನಚರಿಯಲ್ಲಿ ನಾನು ವಾರ, ತಿಥಿ, ಹೊತ್ತು ಬರೆದಿದ್ದೇನೆ. ಮುಂದೆ ಏನೂ ಬರೆಯಲಾಗಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಪಾದಗಳಿಗೆ ಅವರಷ್ಟು ವಯಸ್ಸಾಗಿರಲಿಲ್ಲ. ಮುಖ, ಕತ್ತು, ಕೈ ಎಲ್ಲ ನಮ್ಮೂರ ಬಿಸಿಲಿಗೆ ಕಂದಿ ಸುಕ್ಕಾಗಿದ್ದರೂ ಪಾದಗಳು ತೆಳ್ಳಗೆ, ಬೆಳ್ಳಗೆ, ಯಾರೋ ಹರೆಯದವರದನ್ನು ತಂದು ಜೋಡಿಸಿದ ಹಾಗಿದ್ದವು. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. “ತಗ್ಗಿನ್ಯಾಗ ಬ್ಯಾಸಗಿ ಬರೂದಿಲ್ಲ ತಂಗಿ,” ಎಂದಿದ್ದರು. “ನನ್ನ ತಲಿ ಬ್ಯಾಸಗ್ಯಾಗ ಇದ್ರ ಕಾಲು ಶ್ರಾವಣದಾಗ ಇರ್ತಾವು.”

ಅದು ಬರಿಯ ಮಾತಲ್ಲ. ಕುಣಿಮಗ್ಗದವರಿಗೆ ಬೇಸಿಗೆ ಶತ್ರು. ಒಣ ಗಾಳಿ ಬೀಸಿದರೆ ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಬಿಗಿದ, ಎಳೆಗಳು ಪಟಪಟನೆ ಹರಿಯುತ್ತವೆ. ತಗ್ಗಿನಿಂದ ಏರಿ ಬರುವ ನೆಲದ ಉಸಿರು ಅವನ್ನು ಮೆತ್ತಗೆ ಇಡುತ್ತದೆ. ಆ ಉಸಿರಿಗೆ ಕಾಕಾ ‘ತಂಪು’ ಎನ್ನುತ್ತಿದ್ದರು. ತಂಪು ಕಡಿಮೆಯಾಗಬಾರದೆಂದು ತಗ್ಗಿನ ಮೂಲೆಯಲ್ಲಿ ಒಂದು ರಾಶಿ ಮರಳು ಹಾಕಿ, ಬೇಸಿಗೆಯ ಬೆಳಗುಗಳಲ್ಲಿ ಅದಕ್ಕೆ ನೀರು ಹೊಯ್ಯುತ್ತಿದ್ದರು. “ಎಳಿ ಅಂದ್ರ ಮನಷ್ಯಾ ಇದ್ದಂಗ. ಒಣಗಿಸಿದ್ರ ಸಿಟ್ಟಿಗೆ ಏಳ್ತೈತಿ.” ಯಾರಾದರೂ ಹೊರಟು ನಿಂತರೆ ಅವರು ‘ಹೋಗಿ ಬರ್ರಿ’ ಅನ್ನುತ್ತಿರಲಿಲ್ಲ. ‘ತಂಪಾಗಿರ್ರಿ’ ಎನ್ನುತ್ತಿದ್ದರು. ಬಿಸಿಲಲ್ಲಿ ಬಂದ ಅಂಚೆಯವನಿಗೂ ಅದೇ, ಅಳುತ್ತ ಗಂಡನ ಮನೆಗೆ ಹೊರಟ ನನ್ನ ಅಕ್ಕನಿಗೂ ಅದೇ.

ಕೊರೊನಾದ ವರ್ಷ ಕಾಕಾನಿಗೂ ಜ್ವರ ಬಂದು, ಬದುಕುವುದೇ ಕಷ್ಟ ಎನ್ನುವಂತಾಗಿ, ಎದ್ದರು. ನಾಲಗೆಗೆ ಉಪ್ಪು, ಹುಳಿ ವಾಪಸ್ ಬಂದವು. ಮೂಗಿಗೆ ವಾಸನೆ ಬರಲಿಲ್ಲ. ಬಾಗಲಕೋಟೆಯ ದವಾಖಾನೆಯಲ್ಲಿ ದಿನಾ ನಿಂಬೆಹಣ್ಣು, ಲವಂಗ ಮೂಸಿ ನೋಡಲು ಹೇಳಿದ್ದರು. ತಿಂಗಳುಗಟ್ಟಲೆ ಮೂಸಿದರು. “ಮೂಸಿ ಮೂಸಿ ಮನ್ಯಾಗ ಉಪ್ಪಿನಕಾಯಿ ಹಾಕಾಕ ಒಂದು ಹಣ್ಣು ಉಳೀಲಿಲ್ಲ,” ಎಂದು ಕಾಕು ಬೈದುಕೊಂಡರು.

ಆಮೇಲೆ ಕಾಕಾ ಬೇರೆ ದಾರಿ ಹಿಡಿದರು. ವಾಸನೆಯನ್ನು ಕೇಳಿ ತಿಳಿಯುವುದು. ಓಣಿಯಲ್ಲಿ ಯಾರೇ ಮೂಗು ಅರಳಿಸಿದರೂ ಕಟ್ಟೆಯಿಂದ ಕರೆಯುವರು. “ಏನು ಬಂತು ಮೂಗಿಗೆ? ಯಾವ್ದರಂಗ ಐತಿ? ಹೇಳಿ ಹೋಗ್ರಿ.” ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವಳು ನಾನು. ಹುನಗುಂದದ ಕಾಲೇಜಿನಿಂದ ಬಸ್ಸಿಳಿದು ಬರುವ ಹೊತ್ತಿಗೆ ಓಣಿಯ ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿರುತ್ತಾರೆ.

“ಮೊದಲ ಎಣ್ಣಿ ಬರ್ತೈತ್ರಿ ಕಾಕಾ,” ಎಂದು ನಾನು ನಿಂತು ಹೇಳುತ್ತಿದ್ದೆ, “ಅದರ ಬೆನ್ನಿಗೆ ಕಡ್ಲಿಹಿಟ್ಟು ಮೆತ್ತಗ ಬರ್ತೈತಿ. ಮೆಣಸಿನಕಾಯಿ ಎಲ್ಲಾರ ಹಿಂದ ಇರ್ತೈತಿ, ಆದ್ರ ಎಲ್ಲಾರ್ನೂ ತಳ್ಳಿ ಮುಂದ ಬಂದು ಮೂಗಿಗೆ ಹೊಡೀತೈತಿ.”

ಕಾಕಾ ಕಣ್ಣು ಮುಚ್ಚಿ, ಪಾದ ಆಡಿಸುತ್ತ, “ಹೂಂ… ಹೂಂ…” ಎನ್ನುವರು. “ಸಾಕು ತಂಗಿ. ಹೊಟ್ಟಿ ತುಂಬ್ತು.”

ಒಳಗಿನಿಂದ ಕಾಕು: “ಹಂಗಾದ್ರ ರಾತ್ರಿ ರೊಟ್ಟೀನೂ ಅಕಿ ಕಡೆನಽ ಕೇಳಿ ಮಲಕೋರಿ. ನನಗ ಒಲಿ ಹಚ್ಚೂದು ತಪ್ತೈತಿ.”

ನಾನು ದಿನಚರಿ ಬರೆಯುವುದು ಅವರಿಗೆ ದೊಡ್ಡ ತಮಾಷೆ. “ಇವತ್ತು ಓಣ್ಯಾಗ ಎಷ್ಟು ಮಂದಿ ಸೀನಿದ್ರು, ಬರಕೊಂಡಿ?” ಎಂದು ಕೇಳುತ್ತಿದ್ದರು. ಆದರೆ ಬರೆಯುವುದನ್ನು ನನಗೆ ಕಲಿಸಿದವರೂ ಅವರೇ. ಅದನ್ನು ಹೇಳಬೇಕಾದರೆ ನಮ್ಮ ಮನೆಯ ನಡುವಿನ ಖೋಲಿಯ ಸಂಗತಿ ಹೇಳಬೇಕು.

ಆ ಖೋಲಿಯ ಕೆಳಗೂ ಒಂದು ತಗ್ಗಿದೆ. ಅಜ್ಜನ ಮಗ್ಗದ್ದು. ಅಜ್ಜ ಹೋದ ಮೇಲೆ, ಕಲ್ಲು ಪಾಲಿಶ್ ಕೆಲಸಕ್ಕೆ ಹೋಗುವ ನನ್ನ ಅಪ್ಪ ಮಗ್ಗ ಬಿಚ್ಚಿಸಿ, ತಗ್ಗನ್ನು ತುಂಬಿಸದೆ, ಮೇಲೆ ಕೆಂಪು ಕಲ್ಲಿನ ಚಪ್ಪಡಿ ಹಾಸಿದರು. ಹಾಗಾಗಿ ಅಲ್ಲಿ ನಡೆದರೆ ಟೊಳ್ಳು ಸದ್ದು ಬರುತ್ತದೆ, ಕೆಳಗೆ ಯಾರೋ ನಿದ್ದೆಗಣ್ಣಲ್ಲಿ ‘ಹೂಂ’ ಎಂದ ಹಾಗೆ. ಮಧ್ಯಾಹ್ನ ಆ ಚಪ್ಪಡಿಯ ಮೇಲೆ ಮಲಗಿದರೆ ಗೋಡೆಯಾಚೆ ಕಾಕಾನ ಲಾಳಿ ಆಚೆ ಈಚೆ ಓಡುವ ಸದ್ದು ನೆಲದೊಳಗಿಂದ ಬಂದು ಬೆನ್ನಿಗೆ ಮುಟ್ಟುತ್ತಿತ್ತು. ಎಷ್ಟೋ ಸಲ ಅರೆನಿದ್ದೆಯಲ್ಲಿ ಮನೆ ನೀರಿನ ಮೇಲೆ ತೇಲುತ್ತಿದೆ, ಯಾರೋ ಹುಟ್ಟು ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು.

ಹೋದ ವರ್ಷ ಹೋಳಿ ಹುಣ್ಣಿಮೆ ದಾಟಿದ ಮೇಲೆ ಆ ಖೋಲಿಯಲ್ಲಿ ಮುಗ್ಗಲು ವಾಸನೆ ಹತ್ತಿತು. ಮಳೆಗಾಲದಲ್ಲಿ ಎಂದೂ ಇಲ್ಲದ್ದು, ಊರೆಲ್ಲ ಒಣಗಿ ಕಾದಿರುವಾಗ ಬಂತು. ಚಪ್ಪಡಿಗಳ ಸಂದಿಯಿಂದ ಏರಿ ಬರುತ್ತಿತ್ತು. ಗೋಡೆಯ ಬುಡದಲ್ಲಿ ಉಪ್ಪಿನಂಥ ಬಿಳಿ ಹುಡಿ ಎದ್ದಿತ್ತು. ಅವ್ವ ಫಿನಾಯಿಲ್ ಹಾಕಿ ಒರೆಸಿದಳು, ಮೂಲೆಗಳಲ್ಲಿ ನುಸಿಗುಳಿಗೆ ಇಟ್ಟಳು. ಅಪ್ಪ ಸಂದಿಗಳಿಗೆಲ್ಲ ಸಿಮೆಂಟು ಮೆತ್ತಿದರು. ಒಂದು ವಾರ ಸುಮ್ಮನಿದ್ದ ವಾಸನೆ ಗೋಡೆಯ ಒಳಗಿನಿಂದ ಬರತೊಡಗಿತು.

ಬೇರೆ ವರ್ಷವಾಗಿದ್ದರೆ ಖೋಲಿಗೆ ಕದ ಹಾಕಿ ಸುಮ್ಮನಾಗುತ್ತಿದ್ದೆವು. ಆದರೆ ಕೆರೂರಿಗೆ ಕೊಟ್ಟ ಅಕ್ಕ ಚೊಚ್ಚಲ ಬಸುರಿಯಾಗಿದ್ದಳು. ಏಳನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ, ಹೆರಿಗೆ, ಬಾಣಂತನ ಎರಡೂ ತವರಿನಲ್ಲಿ ಆಗಬೇಕು. ಬಾಣಂತಿಯನ್ನು ಮಲಗಿಸಲು ನಮಗಿರುವುದು ಆ ಒಂದೇ ಖೋಲಿ. ಅಕ್ಕನಿಗೆ ಚಿಕ್ಕಂದಿನಿಂದ ದಮ್ಮು. ಮುಗ್ಗಿದ ಹಾಸಿಗೆ ಬಿಚ್ಚಿದರೂ ಅವಳ ಎದೆ ಸೀಟಿ ಹೊಡೆಯುತ್ತದೆ.

ಅಕ್ಕನ ಅತ್ತೆ ಖೋಲಿ ನೋಡಲೆಂದೇ ಒಂದು ದಿನ ಕೆರೂರಿನಿಂದ ಬಂದರು. ಒಳ್ಳೆಯ ಹೆಂಗಸು, ನೇರ ಮಾತಿನವರು. ಒಳಗೆ ಕಾಲಿಟ್ಟು ಹಾಗೇ ಹೊರಗೆ ಬಂದರು.

“ಬೀಗ್ತಿಯವರ, ತಪ್ಪು ತಿಳೀಬ್ಯಾಡ್ರಿ,” ಎಂದರು. “ಇದರಾಗ ನನಗಽ ಉಸಿರು ಹಿಡದಂಗ ಆತು. ದಮ್ಮಿನ ಹುಡುಗಿ, ಹಸಿ ಬಾಣಂತಿ, ಕೂಸು ಬ್ಯಾರೆ. ಕುಬಸಕ್ಕ ಕರ್ಕೊಂಡು ಬರ್ತೇವಿ. ಖೋಲಿ ಅವತ್ತೂ ಹಿಂಗಽ ಇತ್ತಂದ್ರ ಅಕಿನ್ನ ನಮ್ಮ ಕೂಡಾನಽ ವಾಪಸ್ ಕರ್ಕೊಂಡು ಹೋಗ್ತೇವಿ. ಬಾಣಂತನ ನಾವು ಮಾಡ್ತೇವಿ.”

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರು ಹೋದ ಮೇಲೆ ಅವ್ವ ಚಪ್ಪಡಿಯ ಮೇಲೆ ಕೂತು, “ಮಗಳ ಮೊದಲ ಬಾಣಂತನ ಮಾಡಾಕ ಆಗ್ಲಿಲ್ಲಂದ್ರ ನಾ ತಾಯಿ ಅಂತ ಎದಕ್ಕ ಅದೇನಿ?” ಎಂದು ಅತ್ತಳು. ಗೋಡೆಯಾಚೆ ಲಾಳಿ ನಿಂತಿತು. ಕಾಕಾ ಕೇಳಿಸಿಕೊಂಡಿದ್ದರು.

ಅವರ ಮಗ್ಗದ ಮೇಲೆ ಆಗ ಇದ್ದದ್ದು ಅಕ್ಕನ ಕುಬಸದ ಸೀರೆಯೇ. ಹಸಿರು ಮೈ, ಕೆಂಪು ಸೆರಗು. ಅವ್ವ ಕೇಳಿರಲಿಲ್ಲ, ಅಕ್ಕ ಬಸುರಿ ಎಂದು ತಿಳಿದ ದಿನ ಅವರೇ ಹಾಸು ಹೂಡಿದ್ದರು. ಬೇಸಿಗೆಯಲ್ಲಿ ಆ ಎಳೆಗಳು ಹರಿಯಬಾರದೆಂದು ತಗ್ಗಿನ ಮರಳಿಗೆ ಎಂದಿಗಿಂತ ಹೆಚ್ಚು ನೀರು ಬೀಳುತ್ತಿತ್ತು. ಇದನ್ನು ನಾವೆಲ್ಲ ನೋಡುತ್ತಲೇ ಇದ್ದೆವು. ನಮಗೆ ಏನೂ ಹೊಳೆಯಲಿಲ್ಲ. ಮಗ್ಗಕ್ಕೆ ತಂಪು ಬೇಕು ಎನ್ನುವುದು ನಮ್ಮ ಓಣಿಯಲ್ಲಿ ಅನ್ನಕ್ಕೆ ನೀರು ಬೇಕು ಎನ್ನುವಷ್ಟು ಸಾಮಾನ್ಯ. ತಂಪಿನ ಮೇಲೆ ಯಾರಾದರೂ ಅನುಮಾನ ಪಡುತ್ತಾರೆಯೇ?

ವಾಸನೆಯ ಮೂಲ ತಾನೇ ಹುಡುಕುತ್ತೇನೆಂದು ಕಾಕಾ ಬಂದರು. ಮೊದಲ ದಿನ ಹೆಗ್ಗಣ ಸತ್ತಿದೆ ಎಂದರು. ಹೆಗ್ಗಣ ಸಿಗಲಿಲ್ಲ. ಆಮೇಲೆ ನಳದ ಪೈಪು ಒಡೆದಿದೆ ಎಂದರು. ಅಪ್ಪ ರಜೆ ಹಾಕಿ ಬಾಗಿಲ ಮುಂದೆ ಅಗೆದರು. ಪೈಪಿನ ಸುತ್ತಲ ಮಣ್ಣು ಹುರಿದ ಹಿಟ್ಟಿನ ಹಾಗೆ ಒಣಗಿತ್ತು.

“ಇನ್ನೇನು ಉಳೀತು ಅಣ್ಣಾ?” ಎಂದರು ಅಪ್ಪ, ಬೆವರು ಒರೆಸಿಕೊಳ್ಳುತ್ತ. “ಕೃಷ್ಣಾ ನದಿ ನಮ್ಮ ಮನಿ ಕಡೆ ತಿರುಗೇತೇನು ನೋಡೂಣೇನು?”

“ತಿರುಗಿದ್ರ ಛಲೋನಽ ಆತು,” ಎಂದರು ಕಾಕಾ. “ನಿಮ್ಮ ಮನ್ಯಾಗ ಈಸು ಕಲೀತೇನಿ.”

ನನ್ನ ದಿನಚರಿಯಲ್ಲಿ ಆಗ ಒಂದು ಸಾಲು ಇತ್ತು: ‘ವಾಸನೆ: ಇದೆ / ಇಲ್ಲ.’ ದಿನಾ ಒಂದರ ಮೇಲೆ ಗುರುತು ಹಾಕುತ್ತಿದ್ದೆ. ಸಹಾಯವಾದೀತೆಂದು ಅದನ್ನು ತಂದು ಕಾಕಾನಿಗೆ ತೋರಿಸಿದೆ. ಪುಟ ತಿರುವಿ ತಿರುವಿ ನೋಡಿದರು. “ಐತಿ, ಐತಿ, ಐತಿ, ಐತಿ,” ಎಂದು ಓದಿದರು. “ಇದು ನನಗೂ ಗೊತ್ತೈತಲ್ಲ, ನಿಮ್ಮವ್ವ ಅತ್ತಿದ್ದು ಕೇಳೇನಿ. ಯಾವ್ದರಂಗ ಐತಿ ಅಂತ ಒಂದಿನಾನೂ ಬರದಿಲ್ಲಲ್ಲ ತಂಗಿ?”

ಕೊನೆಗೆ ಚಪ್ಪಡಿ ತೆಗೆಯುವುದೆಂದು ಆಯಿತು. ಅಪ್ಪ ಸಿಮೆಂಟು ಕೆತ್ತಿ, ಹಾರೆಯಿಂದ ಎರಡು ಚಪ್ಪಡಿ ಎಬ್ಬಿಸಿದರು. ಕೆಳಗಿನಿಂದ ಎದ್ದ ವಾಸನೆಗೆ ಅವ್ವ ಸೆರಗು ಮೂಗಿಗೆ ಹಿಡಿದು ಹೊರಗೆ ಓಡಿದಳು. ಕಾಕಾ ಮಾತ್ರ ತಗ್ಗಿನ ಮೇಲೆ ಬಾಗಿ, ಹೂವಿನ ತೋಟದಲ್ಲಿ ನಿಂತವರ ಹಾಗೆ, ಸುಮ್ಮನೆ ಉಸಿರಾಡುತ್ತಿದ್ದರು. ಒಂದು ಹಗಲು ಒಂದು ರಾತ್ರಿ ಹಾಗೇ ತೆರೆದಿಟ್ಟೆವು. ಮಾರನೇ ದಿನ, ಕಾಳು ತುಂಬಿಡುವ ನೆಲದೊಳಗಿನ ಹಗೇವಿಗೆ ಇಳಿಯುವ ಮುನ್ನ ಮಾಡುವ ಹಾಗೆ, ಕಾಕಾ ಹಗ್ಗಕ್ಕೆ ಕಂದೀಲು ಕಟ್ಟಿ ಕೆಳಗೆ ಇಳಿಬಿಟ್ಟರು. ದೀಪ ಆರಲಿಲ್ಲ, ಒಳಗಿನ ಗಾಳಿ ಕೆಟ್ಟಿಲ್ಲ ಎಂದರ್ಥ. ಅದರ ಬೆಳಕಿನಲ್ಲಿ ಅಜ್ಜ ತುಳಿದ ಹಲಗೆಗಳು ಕಂಡವು, ಬಿಳಿ ಬೂಷ್ಟು ಹೊದ್ದು ಮಲಗಿದ್ದವು.

“ಈಗ ನೀ ನನ್ನ ಮೂಗು ಆಗು,” ಎಂದರು ಕಾಕಾ. ನಾನು ಹೊಟ್ಟೆಯ ಮೇಲೆ ಮಲಗಿ ತಗ್ಗಿನೊಳಗೆ ತಲೆ ಇಳಿಬಿಟ್ಟೆ.

“ಹಸಿ ಗೋಣಿಚೀಲದಂಗ ಐತ್ರಿ.”

“ಹೂಂ.”

“ಮಳಿಗಾಲದಾಗ ಒಣಗದ ಸಾಲಿ ಅಂಗಿ, ಅದನ್ನಽ ಹಾಕ್ಕೊಂಡು ಹೋದಂಗ.”

“ಹೂಂ, ಹೂಂ. ಮತ್ತ?”

“ಇನ್ನೊಂದು ಐತ್ರಿ, ಅದು ಗ್ವಾಡಿ ಕಡೆಯಿಂದ ಬರ್ತೈತಿ. ಗಂಜಿ. ನೂಲಿಗೆ ಹಚ್ಚೋ ಗಂಜಿ ಹುಳಿ ಬಂದಂಗ.”

ಕಾಕಾನ ‘ಹೂಂ’ ಬರಲಿಲ್ಲ. “ನಿಮ್ಮನ್ಯಾಗ ನೂಲು ಎಲ್ಲೈತಿ?” ಎಂದರು. “ನಿಮ್ಮ ಮಗ್ಗ ಬಿಚ್ಚಿದಾಗ ನೀ ಹುಟ್ಟಿದ್ದಿಲ್ಲ.”

ಆಮೇಲೆ ಅವರು ಚಪ್ಪಡಿಯ ಅಂಚಿನಲ್ಲಿ ಕೂತು ಕಾಲುಗಳನ್ನು ನಮ್ಮ ತಗ್ಗಿಗೆ ಇಳಿಬಿಟ್ಟರು. ಪಾದಗಳು ಅಭ್ಯಾಸದಂತೆ ಒಮ್ಮೆ ಇಳಿದು ಏರಿದವು. ನೆಲ ಮುಟ್ಟಿದವು. ಬೆರಳುಗಳು ನೆಲವನ್ನು ತಡವುತ್ತ ಮೆಲ್ಲಗೆ ಗೋಡೆಯ ಬುಡಕ್ಕೆ ಹೋದವು, ತಮ್ಮ ಮನೆಯ ಕಡೆಯ ಗೋಡೆಗೆ. ಅಲ್ಲಿ ನಿಂತವು. ಆ ಪಾದಗಳು ಅಷ್ಟು ಹೊತ್ತು ಆಡದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಕಾಕಾನ ಕಣ್ಣು ಮುಚ್ಚಿತ್ತು. ಪರದೇಶದಲ್ಲಿ ತನ್ನ ಊರಿನವರ ದನಿ ಕೇಳಿದಂತೆ ಮುಖ ಮೊದಲು ಅರಳಿತು, ಆಮೇಲೆ ಬಾಡಿತು.

“ತಂಗಿ,” ಎಂದರು, “ಇದು ನಂದಽ ತಂಪು.”

ಕಾಲೆತ್ತಿಕೊಂಡು ಎದ್ದು ತಮ್ಮ ಮನೆಗೆ ನಡೆದರು. ನಾನೂ ಅಪ್ಪನೂ ಹಿಂದೆ ಹೋದೆವು. ಕಾಕು ಎಂದಿನಂತೆ ಕೆಂಡದ ಮೇಲೆ ಲೋಬಾನ ಹಾಕಿ ಮಗ್ಗದ ತಗ್ಗಿಗೆ ಹೊಗೆ ತೋರಿಸುತ್ತಿದ್ದರು. ಎರಡು ಹೊತ್ತೂ ಮಗ್ಗಕ್ಕೆ ಧೂಪ ಹಾಕುವ ಅವರ ಭಕ್ತಿಯನ್ನು ಓಣಿಯೆಲ್ಲ ಹೊಗಳುತ್ತಿತ್ತು.

ಕಾಕಾ ಕೇಳಿದರು: “ನಮ್ಮ ತಗ್ಗಿನ್ಯಾಗ ವಾಸನಿ ಐತೇನು?”

ಕಾಕು ಕೆಂಡ ಊದುತ್ತ, “ಲೋಬಾನದ್ದು ಐತಿ,” ಎಂದರು.

“ಅದರ ಕೆಳಗ?”

ಕಾಕು ಊದುವುದನ್ನು ನಿಲ್ಲಿಸಿದರು. “ಐತಿ,” ಎಂದರು.

“ಯಾವಾಗಿಂದ?”

“ನಿಮ್ಮ ಮೂಗು ಹೋದಾಗಿಂದ.”

ಆಗ ನನಗೆ ತಿಳಿಯಿತು. ಮೊದಲೆಲ್ಲ ಕಾಕಾ ನೀರನ್ನು ಅಳೆಯುತ್ತಿದ್ದದ್ದು ಮೂಗಿನಿಂದ. ತಗ್ಗಿನ ವಾಸನೆ ಹಸಿ ಮಣ್ಣಿನದಾಗಿ ಇರುವವರೆಗೆ ನೀರು, ಸ್ವಲ್ಪ ಹುಳಿಯಾಯಿತೆಂದರೆ ಬಂದ್. ಮೂಗು ಹೋದ ಮೇಲೆ ಎಳೆ ಹರಿಯುವ ಹೆದರಿಕೆಯೊಂದೇ ಉಳಿಯಿತು. ಹೊಯ್ದರು, ಹೊಯ್ಯುತ್ತಲೇ ಹೋದರು. ಮರಳು ಕುಡಿದು, ಮಣ್ಣು ಕುಡಿದು, ಗೋಡೆ ಕುಡಿದು, ಉಳಿದದ್ದು ನಮ್ಮ ಕಡೆ ಬಂದಿತ್ತು.

“ನೀ ನನಗ ಹೇಳ್ಬಾರ್ದಿತ್ತೇನು?” ಎಂದರು ಕಾಕಾ. ದನಿಯಲ್ಲಿ ಸಿಟ್ಟಿರಲಿಲ್ಲ, ಹಾಗಾಗಿ ಕೇಳಲು ಇನ್ನೂ ಕಷ್ಟವಾಯಿತು.

“ಹಾಸಗಿ ಹಿಡದವ್ರು ಎದ್ದು ಬಂದು ಮಗ್ಗಕ್ಕ ಕುಂತಿದ್ರಿ,” ಎಂದರು ಕಾಕು, ಕೆಂಡದ ಕಡೆಗೇ ನೋಡುತ್ತ. “ನಿಮ್ಮ ತಗ್ಗು ನಾರ್ತೈತಿ ಅಂತ ಯಾವ ಬಾಯಿಲೆ ಹೇಳ್ಲಿ? ನಾರಿದ್ರ ನಾರ್ಲಿ, ಲಾಳಿ ಸಪ್ಪಳಾ ಬಂದ್ರ ಸಾಕಾಗಿತ್ತು ನನಗ.”

ಕಾಕಾ ಧೋತರ ಮೇಲೆ ಕಟ್ಟಿ ತಗ್ಗಿಗೆ ಇಳಿದು ಹಸಿ ಮರಳನ್ನು ಬುಟ್ಟಿಗೆ ತುಂಬತೊಡಗಿದರು. ಅಪ್ಪ ಬುಟ್ಟಿ ಎತ್ತಿ ಎತ್ತಿ ಬಿಸಿಲಿಗೆ ಸುರಿದರು.

ನಮ್ಮ ತಗ್ಗನ್ನು ಒಣಗಿಸಲು ಹೆಚ್ಚು ಕಷ್ಟವಾಗಲಿಲ್ಲ, ಬರುವ ನೀರು ನಿಂತಿತ್ತಲ್ಲ. ಬೂಷ್ಟು ಕೆರೆದು ತೆಗೆದೆವು. ನೆಲಕ್ಕೂ ಗೋಡೆಗೂ ಸುಣ್ಣ ಬಳಿದು, ಬುಟ್ಟಿಗಳಲ್ಲಿ ಇದ್ದಲಿ ಇಟ್ಟೆವು. ಬೇವಿನ ಸೊಪ್ಪಿನ ಹೊಗೆ ಹಾಕಿದೆವು. ಅಪ್ಪ ಸಂದಿಗಳಿಗೆ ಮತ್ತೆ ಸಿಮೆಂಟು ಮೆತ್ತಲಿಲ್ಲ. ಬದಲಿಗೆ ಮುಂದಿನ ಗೋಡೆಯ ಬುಡದಲ್ಲೊಂದು, ಹಿತ್ತಲ ಕಡೆಗೊಂದು ಕಿಂಡಿ ಕೊರೆದು, ಇಲಿ ಚೇಳು ಹೋಗದಂತೆ ಜಾಳಿಗೆ ಬಡಿದರು. ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬೀಳತೊಡಗಿತು. ಅಜ್ಜನ ಹಲಗೆಗಳನ್ನು ಕಟ್ಟೆಯ ಮೇಲೆ ಒಣಗಿಸಿದೆವು. ಅವುಗಳಲ್ಲಿ ಹೆಜ್ಜೆಯ ಆಕಾರದ ಸವಕಳಿ ಇತ್ತು. ಕಾಕಾ ತಮ್ಮ ಪಾದವನ್ನು ಅದರಲ್ಲಿಟ್ಟು ನೋಡಿ, “ನಿಮ್ಮಜ್ಜಂದು ಭಾರೀ ಕಾಲು ಬಿಡು,” ಎಂದು ನಕ್ಕರು.

ಕಷ್ಟವಾದದ್ದು ಅವರಿಗೆ. ವೈಶಾಖದ ಬಿಸಿಲು, ನೀರಿಲ್ಲದ ತಗ್ಗು, ಅರ್ಧ ನೆಯ್ದ ಸೀರೆ. ಮಧ್ಯಾಹ್ನ ನಾನು ಓದುತ್ತ ಕೂತಿದ್ದರೆ ಗೋಡೆಯಾಚೆ ಲಾಳಿ ನಾಲ್ಕು ಹೆಜ್ಜೆ ಓಡಿ ನಿಲ್ಲುತ್ತಿತ್ತು. ಎಳೆ ಹರಿಯಿತು ಎಂದರ್ಥ. ಗಂಟು ಹಾಕುವವರೆಗೆ ಮೌನ. ಆ ಮೌನದಲ್ಲಿ ನಮ್ಮ ಅಡುಗೆಮನೆಯಲ್ಲಿ ಅವ್ವನ ರೊಟ್ಟಿ ಬಡಿಯುವ ಕೈಯೂ ನಿಲ್ಲುತ್ತಿತ್ತು. ಮತ್ತೆ ಲಾಳಿ ಓಡಿದರೆ ಅವ್ವನ ಕೈಯೂ ಓಡುತ್ತಿತ್ತು. ಇಡೀ ಬೇಸಿಗೆ ಎರಡು ಮನೆ ಒಂದೇ ಉಸಿರಿನಲ್ಲಿ ಇದ್ದವು ಎಂದು ಈಗ ಅನ್ನಿಸುತ್ತದೆ.

ಕಾಕು ತಮ್ಮ ಮದುವೆಯ ಕೌದಿಗಳನ್ನು ಒದ್ದೆ ಮಾಡಿ ಮಗ್ಗದ ಸುತ್ತ ತೂಗುಹಾಕಿದರು. ನೆಲಕ್ಕೆ ಹನಿ ಬೀಳದಂತೆ ಕೆಳಗೆ ಪರಾತ ಇಟ್ಟರು. ಒಳಗೆ ಹೋದರೆ ಬಣ್ಣ ಬಣ್ಣದ ಗುಡಾರದಲ್ಲಿ ಕಾಕಾ ಕೂತಂತೆ ಕಾಣುತ್ತಿತ್ತು.

“ಸರ್ಕಸ್ ಕಂಪನಿ ಬಂದೈತೇನ್ರಿ?” ಎಂದು ಕೇಳಿದೆ.

“ಹೂಂ, ಮುದಿ ಸಿಂಹ ಒಳಗ ಐತಿ,” ಎಂದರು ಕಾಕು. “ಎಳಿ ಹರದಾಗ ಗುರ್ ಅಂತೈತಿ.”

ಬಿಸಿಲೇರಿದ ಮೇಲೆ ಕೌದಿಯೂ ಸಾಲದಾಯಿತು. ಆಮೇಲೆ ಕಾಕಾ ನಸುಕಿನಲ್ಲಿ, ಗಾಳಿಯಲ್ಲಿ ಇಷ್ಟಾದರೂ ಹಸಿ ಇರುವ ಹೊತ್ತಿನಲ್ಲಿ ಮಾತ್ರ ನೇಯತೊಡಗಿದರು.

ಕುಬಸದ ದಿನ ಬಂತು. ಅಕ್ಕ ಬಂದಳು, ಅವಳ ಅತ್ತೆ ಬಂದರು. ಅತ್ತೆ ನೀರು ಕುಡಿಯುವ ಮೊದಲು ನೇರವಾಗಿ ಖೋಲಿಗೆ ಹೋದರು. ಬಾಗಿಲಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಆರತಿ ತಾಟು ಹಾಗೇ ಇತ್ತು. ಅತ್ತೆ ಗೋಡೆಯ ಬುಡಕ್ಕೆ ಬಗ್ಗಿ ಮೂಸಿದರು, ಚಪ್ಪಡಿಯ ಸಂದಿಗೆ ಅಂಗೈ ಇಟ್ಟು ನೋಡಿದರು. ಹೊರಗೆ ಕಟ್ಟೆಯ ಮೇಲೆ ಕಾಕಾ ಕೂತಿದ್ದರು. ಅವರ ಪಾದಗಳು ಆಡುತ್ತಿರಲಿಲ್ಲ.

“ಬೀಗ್ತಿ ಮಾರಿ ಯಾವ್ದರಂಗ ಐತಿ?” ಎಂದು, ಅತ್ತೆಯ ಮುಖ ಕಾಣದೆ, ನನ್ನನ್ನು ಪಿಸುಮಾತಿನಲ್ಲಿ ಕೇಳಿದರು.

“ಇನ್ನಾ ತಿಳಿವಲ್ದು ತಡೀರಿ.”

ಒಳಗಿನಿಂದ ಅತ್ತೆಯ ದನಿ ಬಂತು: “ಸುಣ್ಣ. ಬೇವಿನ ಹೊಗಿ. ಮತ್ತೇನಿಲ್ಲ.” ಆಮೇಲೆ, “ಇರ್ಲಿ ಬಿಡ್ರಿ ಬೀಗ್ತಿಯವರ. ಹುಡುಗಿ ಇಲ್ಲೇ ಇರ್ಲಿ.”

ಕಾಕಾನ ಪಾದಗಳು ಮೆಲ್ಲಗೆ ಶುರುವಾದವು.

ಅಕ್ಕ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಳು. ಸೆರಗನ್ನು ಬೆರಳಲ್ಲಿ ಸವರುತ್ತಿದ್ದವಳು ಒಳಮೈಯಲ್ಲಿ ಏನೋ ತಡೆದಂತಾಗಿ ನೋಡಿದಳು. ಸಣ್ಣ ಸಣ್ಣ ಗಂಟುಗಳು, ಸಾಸಿವೆ ಚೆಲ್ಲಿದ ಹಾಗೆ. ಕಾಕಾನ ಸೀರೆಯಲ್ಲಿ ಗಂಟು ಎಂದರೆ ಓಣಿಯಲ್ಲಿ ಯಾರೂ ನಂಬುತ್ತಿರಲಿಲ್ಲ.

“ಕಾಕಾ, ಇವು ಏನ್ರಿ?”

“ಅಲ್ಲೆ ಗಂಟು ಬಿದ್ದಷ್ಟು ನಿನ್ನ ಖೋಲಿ ಒಣಗೈತಿ,” ಎಂದರು ಕಾಕಾ. ಅಕ್ಷತೆ ಹಾಕಿ, “ಹೊಟ್ಟಿ ತಂಪಾಗಿರ್ಲಿ ಯವ್ವಾ,” ಎಂದರು.

“ಹೊಟ್ಟಿ ಅಷ್ಟಽ ತಂಪಿರ್ಲಿ,” ಎಂದರು ಹಿಂದೆ ನಿಂತ ಕಾಕು. “ಖೋಲಿ ಬ್ಯಾಡ.” ಅತ್ತೆ ಮೊದಲು ನಕ್ಕರು, ಆಮೇಲೆ ಎಲ್ಲರೂ.

ಕೂಸು ಶ್ರಾವಣದಲ್ಲಿ ಹುಟ್ಟಿತು, ಹೆಣ್ಣು. ಆ ಖೋಲಿಯ ಚಪ್ಪಡಿಯ ಮೇಲೆ, ಲಾಳಿಯ ಸದ್ದಿನಲ್ಲಿ ನಿದ್ದೆ ಮಾಡಿತು. ಅಕ್ಕನ ಎದೆ ಒಮ್ಮೆಯೂ ಸೀಟಿ ಹೊಡೆಯಲಿಲ್ಲ.

ಮಳೆಗಾಲ ಕಳೆದು ಗಾಳಿ ಮತ್ತೆ ಒಣಗಿದಾಗ ಕಾಕಾ ತಗ್ಗಿನ ಮೂಲೆಗೆ ಮತ್ತೆ ಸ್ವಲ್ಪ ಮರಳು ಹಾಕಿದರು, ನಾನು ಅವರ ಮೂಗಾದೆ. ಬೆಳಿಗ್ಗೆ ಬಸ್ಸಿಗೆ ಹೋಗುವ ಮೊದಲು ಅವರ ಮನೆಗೆ ಹೋಗಿ, ತಗ್ಗಿನ ಅಂಚಿನಲ್ಲಿ ಬಗ್ಗಿ, ವಾಸನೆ ಯಾವುದರಂತಿದೆ ಎಂದು ಹೇಳಬೇಕು. ‘ಒಣ ಜ್ವಾಳದ ಕಣಜದಂಗ’ ಎಂದರೆ ಒಂದು ತಂಬಿಗೆ ನೀರು. ‘ಹೊಸಾ ಗಡಗಿಯಂಗ’ ಎಂದರೆ ಅಂದು ನೀರಿಲ್ಲ. ಮನೆಯಲ್ಲೇ ಒಂದು ಮೂಗು ಇದೆಯಲ್ಲ ಎಂದು ನಾನು ಅಂದರೆ ಕಾಕಾ ಹೆಂಡತಿಯನ್ನು ಓರೆಗಣ್ಣಿಂದ ನೋಡಿ, “ಅಕಿ ಮೂಗು ನತ್ತಿಗಷ್ಟಽ ಛಲೋ. ಸುಳ್ಳು ಭಾಳ ಹೇಳ್ತೈತಿ,” ಎನ್ನುವರು. “ನತ್ತರ ಎಲ್ಲಿ ಮಾಡಿಸಿ ಕೊಟ್ಟೀರಿ?” ಎಂದು ಕಾಕು. ಈ ಮಾತು ದಿನಾ ಹೆಚ್ಚು ಕಡಿಮೆ ಹೀಗೇ ನಡೆಯುತ್ತಿತ್ತು. ಬಸ್ಸಿನಲ್ಲಿ ಕೂತ ಮೇಲೂ ನನ್ನ ಕಿವಿಯಲ್ಲಿ ಇರುತ್ತಿತ್ತು. ದಿನಚರಿಯಲ್ಲಿ ‘ಇದೆ / ಇಲ್ಲ’ ಎಂಬ ಸಾಲನ್ನು ನಾನು ಅಷ್ಟರಲ್ಲಿ ಬಿಟ್ಟಿದ್ದೆ.

ಹೋದ ತಿಂಗಳು ಅವರನ್ನು ಮಣ್ಣು ಮಾಡಿ ಬಂದ ಅಪ್ಪ ಸ್ನಾನ ಮಾಡಿ ಕಟ್ಟೆಯ ಮೇಲೆ ಬಹಳ ಹೊತ್ತು ಕೂತರು. ನಮ್ಮಲ್ಲಿ ಸತ್ತವರನ್ನು ಕುಣಿಯಲ್ಲಿ ಕೂಡಿಸಿ, ವಿಭೂತಿ ಇಟ್ಟು, ಮಣ್ಣು ಕೊಡುತ್ತಾರೆ. “ಪದ್ಮಾಸನ ಹಾಕಿ ಕುಂದ್ರಿಸಿದ್ವಿ,” ಎಂದರು ಅಪ್ಪ. “ಅಣ್ಣ ಕಾಲು ಮಡಚಿ ಕುಂತದ್ದು ನಾ ಇವತ್ತಽ ನೋಡಿದ್ದು.”

ಆ ಮೇಲೆ ಗೋಡೆಯಾಚೆ ಸದ್ದಿಲ್ಲ. ಕೂಸನ್ನು ಕರೆದುಕೊಂಡು ಬಂದಿರುವ ಅಕ್ಕ, ಅದು ಮಧ್ಯಾಹ್ನ ಮಲಗುತ್ತಿಲ್ಲ ಎನ್ನುತ್ತಿದ್ದಾಳೆ.

ಮೊನ್ನೆ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಕಾಕು ಬಾಗಿಲಲ್ಲಿ ನಿಂತು ಕರೆದರು. ಒಳಗೆ ಹೋದೆ. ಮಗ್ಗದ ಮೇಲೆ ಗೇಣುದ್ದ ನೆಯ್ದ ಬಟ್ಟೆ ಹಾಗೇ ಇತ್ತು. ಲೋಬಾನದ ತಟ್ಟೆ ತೊಳೆದು ಬೋರಲಿಟ್ಟಿತ್ತು.

“ವಾಸನಿ ಐತೇನು ನೋಡು,” ಎಂದರು.

ನಾನು ಎಂದಿನಂತೆ ತಗ್ಗಿನ ಅಂಚಿನಲ್ಲಿ ಬಗ್ಗಿದೆ. ಬಹಳ ಹೊತ್ತು ಉಸಿರೆಳೆದು ನೋಡಿದೆ. ಮುಗ್ಗಲಿಲ್ಲ, ಗಂಜಿಯಿಲ್ಲ, ಮಣ್ಣೂ ಇಲ್ಲ.

“ಇಲ್ರಿ ಕಾಕು. ಏನೂ ಇಲ್ಲ.”

“ಹೌದಲ್ಲ?” ಎಂದರು. “ನನಗೂ ಹಂಗಽ ಅನ್ನಿಸ್ತು. ಅಷ್ಟು ವರ್ಷ ಹೊಗಿ ಹಾಕಿ ಹಾಕಿ ಮುಚ್ಚಿದ್ನಿ. ಈಗ ತಾನಽ ಹೋತು ನೋಡು.” ಗೋಡೆಗೆ ಕೈ ಕೊಟ್ಟು ನಿಂತರು. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದರು. “ಒಂದು ತಂಬಗಿಗೆ ನಿಮ್ಮ ಗ್ವಾಡಿಗೆ ಏನೂ ಆಗೂದಿಲ್ಲ, ಹೌದಿಲ್ಲೋ?”

“ಏನೂ ಆಗೂದಿಲ್ರಿ.”

ಕಾಕು ಅಂಚಿನಲ್ಲಿ ಕೂತರು. ಮಗ್ಗದ ಹತ್ತಿರ ಅವರು ಹಾಗೆ ಕಾಲು ಇಳಿಬಿಟ್ಟು ಕೂತದ್ದನ್ನು ನಾನು ನೋಡಿರಲಿಲ್ಲ. ಬಗ್ಗಿ ಮೂಲೆಯ ಮರಳಿಗೆ ಮೆಲ್ಲಗೆ ನೀರು ಹೊಯ್ದರು. ಮರಳು ಸುಯ್ ಎಂದು ಕುಡಿಯಿತು. ಸ್ವಲ್ಪ ಹೊತ್ತಿಗೆ ತಗ್ಗಿನಿಂದ ವಾಸನೆ ಎದ್ದು ಬಂತು. ಅದು ನನಗೆ ಬಂದಷ್ಟೇ ಅವರಿಗೂ ಬಂದಿತ್ತು, ಅವರ ಮೂಗಿಗೆ ಏನೂ ಆಗಿರಲಿಲ್ಲ. ಆದರೂ ಕಣ್ಣು ಮುಚ್ಚಿಕೊಂಡು ಕೇಳಿದರು:

“ಯಾವ್ದರಂಗ ಐತಿ? ಹೇಳು.”

ಬಸ್ಸು ಹೋದರೆ ಹೋಗಲಿ ಎಂದು ನಾನು ಅವರ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂತೆ. ಕೆಳಗೆ ಪಾದಗಳಿಗೆ ತಂಪು ಹತ್ತಿತು. ತಗ್ಗಿನ ಕಡೆ ಮುಖ ಮಾಡಿ, ಆಚೆ ಹೋದ ಕಾಕಾನಿಗೂ ಕೇಳಲೆಂದು ಸ್ವಲ್ಪ ದೊಡ್ಡ ದನಿಯಲ್ಲಿ, ಹೇಳತೊಡಗಿದೆ.